ಬೇಟೆಗೆ ನನ್ನ ಅಳತೆಯ ಬಿಲ್ಲು, 700 ಡಾಲರಿನೊಳಗೆ

ಹೋದ ವರ್ಷ ಫೆಬ್ರವರಿಯಲ್ಲಿ ನನ್ನ ಎಡಗೈಯ ಮುಂದೋಳು ಎರಡು ವಾರ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿಲ್ಲಿನ ಹೆದೆ ಅದೇ ಜಾಗಕ್ಕೆ ಬಡಿದು ಬಡಿದು ಹಾಗಾಗಿತ್ತು. ತಪ್ಪು ನನ್ನ ಕೈಯದ್ದು ಅಂದುಕೊಂಡು ಇನ್ನೂ ಜಾಸ್ತಿ ಅಭ್ಯಾಸ ಮಾಡಿದೆ, ಇನ್ನೂ ಜಾಸ್ತಿ ಪೆಟ್ಟು ತಿಂದೆ. ಬಿಲ್ಲೇ ನನ್ನ ಅಳತೆಯದಲ್ಲ ಅಂತ ಗೊತ್ತಾಗಲು ಎರಡು ವಾರ ಬೇಕಾಯಿತು. ಕಡಿಮೆ ದುಡ್ಡಿನಲ್ಲಿ ಬೇಟೆ ಬಿಲ್ಲು ಕೊಳ್ಳಲು ಹೊರಟ ಬೇರೆಯವರಿಗೆ ಈ ಪೆಟ್ಟು ಬೀಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಸಕಲೇಶಪುರದ ಕಡೆಯವಳು. ಈಗ ಅಮೆರಿಕದ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಊರಿನಲ್ಲಿ ಕೆಲಸ. ಇಲ್ಲಿ ಅಕ್ಟೋಬರ್ 1 ಬಂತೆಂದರೆ ಬಿಲ್ಲಿನ ಜಿಂಕೆ ಬೇಟೆ ಶುರು. ಆಫೀಸಿನಲ್ಲಿ ಅರ್ಧ ಜನ ಅದರದ್ದೇ ಮಾತಾಡುತ್ತಾರೆ. ನನಗೂ ಆಸೆ ಹುಟ್ಟಿತು. ವೀಸಾದ ಮೇಲಿರುವವರಿಗೆ ಬಂದೂಕು ಇಟ್ಟುಕೊಳ್ಳುವ ನಿಯಮಗಳು ಇಲ್ಲಿ ಬಿಗಿ. ಬಿಲ್ಲಿಗೆ ಆ ತೊಡಕಿಲ್ಲ. ಬೇಟೆಯ ಸುರಕ್ಷತಾ ತರಬೇತಿ ಮುಗಿಸಿದೆ. ಯಾವ ಬೇಟೆಗೂ ಮೊದಲು ಬೇಕಾದ ಬೇಸ್ ಲೈಸೆನ್ಸಿಗೆ 11 ಡಾಲರ್, ಜಿಂಕೆಯ ಲೈಸೆನ್ಸಿಗೆ 20 ಡಾಲರ್ ಕಟ್ಟಿದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು ಕೇಳಿದ್ದು, "ಜಿಂಕೆ ಹೊಡೆದ್ರೆ ಜೈಲಿಗೆ ಹಾಕಲ್ವೇನೆ?" ಅಂತ. ನಮ್ಮೂರಲ್ಲಾದರೆ ಹಾಕುತ್ತಾರೆ, ಹಾಕಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಜ್ಜನ ಕಾಲದ ಬೇಟೆ ಬರೀ ಕತೆಯಾಗಿ ಉಳಿದಿದೆ, ಅದು ಒಳ್ಳೆಯದೇ. ಇಲ್ಲಿ ಅದೇ 1972ರಲ್ಲಿ ಬೇರೊಂದು ಕಾನೂನು ಬಂತು. ತಯಾರಕರು ಮಾರುವ ಬಿಲ್ಲಿನ ಬೆಲೆಯ ಮೇಲೆ ಶೇ. 11ರಷ್ಟು ತೆರಿಗೆ ಹಾಕಿ, ಆ ಹಣವನ್ನು ಕಾಡು ಮತ್ತು ಪ್ರಾಣಿಗಳ ಕೆಲಸಕ್ಕೇ ರಾಜ್ಯಗಳಿಗೆ ಕೊಡುತ್ತಾರೆ. ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. "ಹುಷಾರು ಕಣೇ" ಅಂದರು, ಅಷ್ಟೇ.

ಇನ್ನು ಆ ಮೊದಲ ಬಿಲ್ಲಿನ ವಿಷಯ. ಯಾರೋ ಒಬ್ಬರಿಂದ 180 ಡಾಲರಿಗೆ ಹಳೆಯ ಕಾಂಪೌಂಡ್ ಬಿಲ್ಲು ಕೊಂಡೆ, ಅಂದರೆ ತುದಿಗಳಲ್ಲಿ ತಿರುಗುವ ಚಕ್ರವಿರುವ ಬಿಲ್ಲು. ಆ ಚಕ್ರಕ್ಕೆ ಕ್ಯಾಮ್ ಅನ್ನುತ್ತಾರೆ. ಹೊಸದಾಗಿದ್ದಾಗ ಅದು ತುಂಬಾ ದುಬಾರಿ ಬಿಲ್ಲು. ಅದನ್ನು ಕೇಳಿಯೇ ನಾನು ಮರುಳಾಗಿದ್ದು. ಬಿಲ್ಲಿನ ಅಂಗಡಿಯವನು ನೋಡಿದಾಗ ಅದರ ದೋಷ ಒಂದೊಂದೇ ಹೊರಬಂತು. ಅದರ ಡ್ರಾ ಲೆಂತ್, ಅಂದರೆ ಹೆದೆ ಎಳೆಯುವ ಉದ್ದ, 28.5 ಇಂಚು. ನನಗೆ ಅದು ಜಾಸ್ತಿ. ಅದನ್ನು ಕಡಿಮೆ ಮಾಡಲು ಕ್ಯಾಮಿಗೆ ಮಾಡ್ಯೂಲ್ ಅನ್ನುವ ಬೇರೆ ಬಿಡಿಭಾಗ ಬೇಕು, ಆ ಮಾಡ್ಯೂಲ್ ಈಗ ಮಾಡುವುದೇ ಇಲ್ಲ. ಎಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ, 60 ಪೌಂಡ್, ಇಳಿಸಿದರೂ 50ಕ್ಕಿಂತ ಕೆಳಗೆ ಬರುವುದಿಲ್ಲ. ಹೆದೆ ಮತ್ತು ಕೇಬಲ್ ಎಳೆಎಳೆಯಾಗಿ ಬಿಚ್ಚಿಕೊಂಡಿದ್ದವು. ಬದಲಾಯಿಸಲು 120 ಡಾಲರ್ ಕೇಳಿದ. ಕೊನೆಗೆ ಒಂದು ಹತ್ತಿ ಉಂಡೆಯನ್ನು ಬಿಲ್ಲಿನ ಬಾಗುವ ಕೆಳತೋಳಿನ, ಅಂದರೆ ಕೆಳಗಿನ ಲಿಂಬಿನ, ಮೇಲೆ ನಿಧಾನಕ್ಕೆ ಸವರಿದ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಅಲ್ಲಿತ್ತು. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ ಹೀಗಾಗುತ್ತದೆ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನೊಳಕ್ಕೇ ಹೊಡೆಯುತ್ತದೆ. ಎಳೆದಿರುವಾಗ ಅಂಥ ಲಿಂಬ್ ಮುರಿದರೆ ಅದು ಮುಖದ ಹತ್ತಿರವೇ ಮುರಿಯುವುದು. ಇನ್ನು ಯಾರೂ ಅದನ್ನು ಎಳೆಯಬಾರದು ಅಂತ ಹೆದೆಯನ್ನು ಅಲ್ಲೇ ಬಿಚ್ಚಿಸಿದೆ. 180 ಡಾಲರ್ ಹೋಯಿತು. ನನ್ನಂಥವರಿಗೆ ಅದು ಸಣ್ಣ ಮೊತ್ತವಲ್ಲ.

ಹಳೆಯ ಬಿಲ್ಲು ಕೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಡುವ ಮೊದಲು ಈ ಹತ್ತಿ ಪರೀಕ್ಷೆ ಮಾಡಿ. ಹೆದೆ ಎಷ್ಟು ವರ್ಷದ್ದು ಕೇಳಿ. ಎರಡು ಮೂರು ವರ್ಷ ದಾಟಿದ್ದರೆ ಹೊಸ ಹೆದೆಯ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡು ಚೌಕಾಸಿ ಮಾಡಿ. ಎಲ್ಲಕ್ಕಿಂತ ಮೊದಲು, ಅದು ನಿಮ್ಮ ಡ್ರಾ ಲೆಂತಿಗೆ ಬರುತ್ತದಾ ಅಂತ ತಿಳಿದುಕೊಳ್ಳಿ.

ಹೆದೆಯನ್ನು ಪೂರ್ತಿ ಎಳೆದಾಗ ಬಿಲ್ಲು ನಿಲ್ಲುವ ಅಳತೆಯೇ ಡ್ರಾ ಲೆಂತ್. ಹಳೆಯ ಕಾಲದ ಬಿದಿರು ಬಿಲ್ಲನ್ನು ನಮ್ಮ ತೋಳಿಗೆ ಬೇಕಾದಷ್ಟು ಎಳೆಯಬಹುದು. ಕಾಂಪೌಂಡ್ ಬಿಲ್ಲು ಹಾಗಲ್ಲ. ಅದರ ಕ್ಯಾಮ್ ಇಷ್ಟು ತಿರುಗಿ ನಿಂತಿತು ಅಂದರೆ ನಿಂತಿತು, ಅದರಾಚೆ ಬರುವುದಿಲ್ಲ. ಅದಕ್ಕೇ ಚಪ್ಪಲಿಯ ಹಾಗೆ ಇದಕ್ಕೂ ಅಳತೆ ಬೇಕು. ಗೋಡೆಗೆ ಒರಗಿ ಎರಡೂ ತೋಳು ಚಾಚಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಅಳೆಯಿರಿ. ಬಂದ ಇಂಚನ್ನು 2.5ರಿಂದ ಭಾಗಿಸಿ. ನನ್ನದು 65 ಇಂಚು. ಅಂದರೆ 26. ನಾನು ಅದಕ್ಕಿಂತ ಎರಡೂವರೆ ಇಂಚು ಉದ್ದದ ಬಿಲ್ಲನ್ನು ಎಳೆಯುತ್ತಿದ್ದೆ. ಹೆದೆಯನ್ನು ಕೊನೆಯವರೆಗೆ ತರಲು ತಲೆ ಹಿಂದಕ್ಕೆ ವಾಲುತ್ತಿತ್ತು, ಎಡಗೈ ಮೊಣಕೈ ಬಿಗಿದು ಹೆದೆಯ ದಾರಿಗೇ ಬರುತ್ತಿತ್ತು. ಹಾಗಿದ್ದ ಮೇಲೆ ಪೆಟ್ಟು ಬೀಳದೆ ಇರುತ್ತದಾ? ಈ ಲೆಕ್ಕ ಅಂದಾಜು ಮಾತ್ರ. ಕೊನೆಯ ಅರ್ಧ ಇಂಚನ್ನು ಅಂಗಡಿಯಲ್ಲಿ ಬಿಲ್ಲು ಎಳೆದು ತೋರಿಸಿಯೇ ಕೂರಿಸಿಕೊಳ್ಳಬೇಕು.

ಯಾವ ಕಣ್ಣು ಜೋರು ಅಂತಲೂ ಅಲ್ಲೇ ನೋಡಿಸಿ. ಅದರ ಪ್ರಕಾರ ಕೈ ಆರಿಸಬೇಕು. ಬಲಗೈ ಬಿಲ್ಲು ಬೇರೆ, ಎಡಗೈ ಬಿಲ್ಲು ಬೇರೆ. ಕೊಂಡ ಮೇಲೆ ಬದಲಾಗುವುದಿಲ್ಲ.

ಎಳೆತದ ತೂಕಕ್ಕೆ ಬರುತ್ತೇನೆ. ಒಂದು ದೊಡ್ಡ ಮಳಿಗೆಯಲ್ಲಿ "60 ಪೌಂಡ್ ಇಲ್ಲದೆ ಜಿಂಕೆ ಬೀಳಲ್ಲ" ಅಂತ ನನಗೆ ಹೇಳಿದ್ದರು. ಅದು ನಿಜವಲ್ಲ. ಪಕ್ಕದ ಓಹಾಯೋ ರಾಜ್ಯದ ನಿಯಮವೇ 40 ಪೌಂಡ್ ಸಾಕು ಅನ್ನುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಮೂವತ್ತು ವರ್ಷದಿಂದ ಬಿಲ್ಲು ಹಿಡಿದವರು. ಅವರು ಒಂದು ಪರೀಕ್ಷೆ ಹೇಳಿಕೊಟ್ಟರು. ಕುರ್ಚಿಯ ಮೇಲೆ ಕೂತು, ಎರಡೂ ಪಾದ ನೆಲದಿಂದ ಎತ್ತಿ, ಬಿಲ್ಲನ್ನು ಗುರಿಯ ಕಡೆ ನೇರ ಹಿಡಿದು ನಿಧಾನಕ್ಕೆ ಎಳೆಯಬೇಕು. ಬಿಲ್ಲು ಆಕಾಶದ ಕಡೆ ಎದ್ದರೆ ಅಥವಾ ಸೊಂಟ ತಿರುಚಿದರೆ ಆ ತೂಕ ನಿಮಗೆ ಜಾಸ್ತಿ. ಕಾಡಿನಲ್ಲಿ ನಾವು ಎಳೆಯುವುದು ಹೀಗೆಯೇ, ಕೂತಲ್ಲೇ, ಚಳಿಯಲ್ಲಿ, ದಪ್ಪ ಜಾಕೆಟ್ ಹಾಕಿಕೊಂಡು. ನಾನು ಮೊದಲ ದಿನ ಪಾಸಾಗಿದ್ದು 35 ಪೌಂಡಿನಲ್ಲಿ.

ಒಮ್ಮೆ ಎಳೆದ ಮೇಲೆ ಹಿಡಿದು ನಿಲ್ಲುವುದು ಕಷ್ಟವಲ್ಲ. ಮಿಸೌರಿಯ ಹೊಲೆಸ್ ವಿಲ್ಬರ್ ಅಲೆನ್ ಎಂಬುವರು 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಬಿಲ್ಲಿನ ಗುಟ್ಟೇ ಅದು. ಕ್ಯಾಮ್ ಪೂರ್ತಿ ತಿರುಗಿದಾಗ ಭಾರ ಇಳಿಯುತ್ತದೆ. ಇದಕ್ಕೆ ಲೆಟ್-ಆಫ್ ಅನ್ನುತ್ತಾರೆ. ಶೇ. 75 ಲೆಟ್-ಆಫ್ ಇದ್ದರೆ 45 ಪೌಂಡ್ ಬಿಲ್ಲನ್ನು ಎಳೆದು ಹಿಡಿದಾಗ ಕೈಗೆ ಬರುವುದು ಹನ್ನೊಂದು ಪೌಂಡ್ ಚಿಲ್ಲರೆ.

ಬಿಲ್ಲಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಸೆಕೆಂಡಿಗೆ ಇಷ್ಟು ಅಡಿ ವೇಗ ಅಂತ ಬರೆದಿರುತ್ತಾರಲ್ಲ, ಅದನ್ನು ನೋಡಿ ಬಿಲ್ಲು ಆರಿಸಬೇಡಿ. ಅದು 70 ಪೌಂಡ್ ಎಳೆತ, 30 ಇಂಚು ಡ್ರಾ, 350 ಗ್ರೇನ್ ತೂಕದ ಹಗುರ ಬಾಣ ಇಟ್ಟುಕೊಂಡು ಅಳೆದ ಲೆಕ್ಕ. ಡ್ರಾ ಲೆಂತ್ ಒಂದು ಇಂಚು ಕಡಿಮೆಯಾದರೆ ಸುಮಾರು ಹತ್ತು ಅಡಿ ವೇಗ ಇಳಿಯುತ್ತದೆ. ಮುಂದೆ ನಾನು ಕೊಂಡ, 310 ಅಡಿ ಅಂತ ಬರೆದಿದ್ದ ಬಿಲ್ಲು ನನ್ನ ಕೈಯಲ್ಲಿ, 26 ಇಂಚು, 45 ಪೌಂಡಿನಲ್ಲಿ, 375 ಗ್ರೇನ್ ಬಾಣಕ್ಕೆ ಕೊಟ್ಟದ್ದು 208 ಅಡಿ. ಅಂಗಡಿಯಲ್ಲಿ ಬಾಣದ ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ ಆ ಅಂಕಿ ನೋಡಿ ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ಬಾಣದ ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ 450240ರಿಂದ ಭಾಗಿಸಿದರೆ ಬಾಣದ ಶಕ್ತಿ ಸಿಗುತ್ತದೆ. ನನ್ನದು 36 ಅಡಿ-ಪೌಂಡ್. ಬಾಣ ಮಾಡುವ ಈಸ್ಟನ್ ಕಂಪನಿಯ ಪಟ್ಟಿಯಲ್ಲಿ ಜಿಂಕೆಗೆ 25ರಿಂದ 41 ಅಂತ ಇದೆ. ನೆಮ್ಮದಿಯಾಯಿತು.

ಕೊನೆಗೆ ಎರಡು ಬಿಲ್ಲು ಎದುರಿಗಿದ್ದವು, ಬೇರ್ ಕಂಪನಿಯ ಕ್ರೂಸರ್ ಮತ್ತು ಡೈಮಂಡ್ ಕಂಪನಿಯ ಇನ್ಫಿನಿಟ್ ಎಡ್ಜ್ ಪ್ರೊ. ಎರಡರಲ್ಲೂ ಎಳೆತ ಮತ್ತು ಡ್ರಾ ಲೆಂತನ್ನು ಬಹಳ ದೂರದವರೆಗೆ ಹೆಚ್ಚು ಕಡಿಮೆ ಮಾಡಬಹುದು, ಅದೂ ಬಿಲ್ಲನ್ನು ಅದುಮಿ ಹಿಡಿಯುವ ಬೋ ಪ್ರೆಸ್ ಯಂತ್ರ ಇಲ್ಲದೆ. ಕಡಿಮೆ ದುಡ್ಡಿನವರು ಇಂಥ ಬಿಲ್ಲನ್ನೇ ಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈ ಬಲ ಬಂದ ಹಾಗೆ ಬಿಲ್ಲೂ ಬೆಳೆಯುತ್ತದೆ. ಬೇರ್ ಹೆಸರಿನ ಮೇಲೆ ನನಗೆ ಮೊದಲಿಂದ ಒಲವಿತ್ತು. ಫ್ರೆಡ್ ಬೇರ್ ಇದೇ ಮಿಷಿಗನ್ನಿನ ಗ್ರೇಲಿಂಗ್ ಊರಿನಲ್ಲಿ ಬಹಳ ಕಾಲ ಬಿಲ್ಲು ಮಾಡಿದವರು. ಆದರೂ ಎರಡನ್ನೂ ಇಪ್ಪತ್ತಿಪ್ಪತ್ತು ಸಲ ಎಳೆದು ನೋಡಿ ಇನ್ಫಿನಿಟ್ ಎಡ್ಜ್ ತೆಗೆದುಕೊಂಡೆ. ಅದರ ಬ್ರೇಸ್ ಹೈಟ್, ಅಂದರೆ ಹಿಡಿಯಿಂದ ಹೆದೆಗಿರುವ ದೂರ, 7 ಇಂಚು. ಇದು ಜಾಸ್ತಿ ಇದ್ದಷ್ಟೂ ಹೊಸಬರ ಕೈಯ ಸಣ್ಣ ತಪ್ಪನ್ನು ಬಿಲ್ಲು ತಡೆದುಕೊಳ್ಳುತ್ತದೆ.

ಗುರಿ ನೋಡುವ ಪಿನ್, ಬಾಣ ಕೂರಿಸುವ ರೆಸ್ಟ್, ಬತ್ತಳಿಕೆ ಎಲ್ಲ ಸೇರಿ 400 ಡಾಲರ್. ಆನ್‌ಲೈನಿನಲ್ಲಿ 40 ಡಾಲರ್ ಕಡಿಮೆ ಇತ್ತು. ಆದರೆ ಅಂಗಡಿಯವನು ನನ್ನನ್ನು ನಿಲ್ಲಿಸಿ ಡ್ರಾ ಲೆಂತ್ ಕೂರಿಸಿದ, ನನ್ನ ಕಣ್ಣಿನ ಮಟ್ಟಕ್ಕೆ ಹೆದೆಯಲ್ಲಿ ಪೀಪ್, ಅಂದರೆ ಗುರಿ ನೋಡುವ ಸಣ್ಣ ತೂತಿನ ಬಿಲ್ಲೆ, ಕಟ್ಟಿದ, ಕಾಗದದ ಮೂಲಕ ಬಾಣ ಹೊಡೆಸಿ ಅದು ನೇರ ಹೋಗುವವರೆಗೆ ರೆಸ್ಟ್ ಸರಿಮಾಡಿದ. ಒಂದೂವರೆ ಗಂಟೆಯ ಕೆಲಸ. ಆ 40 ಡಾಲರಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಾಣುವುದಿಲ್ಲ.

ಹೆದೆ ಬಿಡುವ ರಿಲೀಸಿಗೆ 50, ಆರು ಕಾರ್ಬನ್ ಬಾಣಕ್ಕೆ 72, ಬಾಣದ ತುದಿಯ ಅಲಗಿನ ಮೊನೆಗಳಾದ ಮೂರು ಬ್ರಾಡ್‌ಹೆಡ್‌ಗೆ 40, ಫೋಮ್ ಗುರಿಗೆ 70. ಶೇ. 6 ಮಾರಾಟ ತೆರಿಗೆ ಸೇರಿ 670 ಡಾಲರ್ ಆಯಿತು. ಬಾಣದಲ್ಲಿ ಮಾತ್ರ ಜಿಪುಣತನ ಬೇಡ. ಬಾಣದ ಬಿಗಿತಕ್ಕೆ ಸ್ಪೈನ್ ಅನ್ನುತ್ತಾರೆ, ಅದು ಬಿಲ್ಲಿನ ಎಳೆತಕ್ಕೆ ಹೊಂದಬೇಕು. ನನ್ನದು 500 ಸ್ಪೈನ್. ಬ್ರಾಡ್‌ಹೆಡ್ ವಿಷಯದಲ್ಲಿ ಹೊಡೆದಾಗ ಬಿಚ್ಚಿಕೊಳ್ಳುವ ಬಗೆಯದು ಬಿಟ್ಟು, ಅಲಗು ಕದಲದ ಸಾದಾ ಬಗೆಯದನ್ನೇ ಆರಿಸಿದೆ. ಬಿಚ್ಚಿಕೊಳ್ಳುವುದಕ್ಕೂ ಬಾಣದ ಶಕ್ತಿಯೇ ಖರ್ಚಾಗುತ್ತದೆ. ನನ್ನ 36ರಲ್ಲಿ ಅದಕ್ಕೆ ಕೊಡಲು ಇರಲಿಲ್ಲ.

ಬೇಸಗೆಯೆಲ್ಲ ದಿನಕ್ಕೆ ಇಪ್ಪತ್ತು ಬಾಣ ಹೊಡೆದೆ. ಮಳೆ ಬಂದರೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೆಮ್ಮರ್ ಸೆಂಟರಿನ ಒಳಾಂಗಣಕ್ಕೆ ಹೋಗುತ್ತಿದ್ದೆ. ಮೂರು ವಾರಕ್ಕೊಮ್ಮೆ ಮೇಲಿನ ಮತ್ತು ಕೆಳಗಿನ ಲಿಂಬಿನ ಬೋಲ್ಟನ್ನು ಒಂದೇ ಸಮ ತಿರುಗಿಸಿ ಎಳೆತ ಸ್ವಲ್ಪ ಏರಿಸಿದೆ. ಆಗಸ್ಟ್ ಕೊನೆಗೆ 45 ಪೌಂಡಿಗೆ ಬಂದೆ. ಬಾಣಗಳೆಲ್ಲ ತಿಂಡಿ ತಟ್ಟೆಯಷ್ಟಗಲದಲ್ಲಿ ಬೀಳುತ್ತಿದ್ದದ್ದು 20 ಗಜದವರೆಗೆ ಮಾತ್ರ. ಹಾಗಾಗಿ ಕಾಡಿನಲ್ಲೂ ಅದೇ ನನ್ನ ಎಲ್ಲೆ. ಅದರಾಚೆ ನಿಂತ ಪ್ರಾಣಿಗೆ ಬಾಣ ಬಿಡುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡೆ. ಗಾಯ ಮಾಡಿ ಕಳೆದುಕೊಳ್ಳುವುದು ನನ್ನಿಂದಾಗದು.

ಅಕ್ಟೋಬರಿನಲ್ಲಿ ರೋಸ್ ಲೇಕ್ ಕಾಡಿನಲ್ಲಿ ಒಂಬತ್ತು ಸಂಜೆ ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಮೂರು ಸಲ ಜಿಂಕೆ ಕಂಡವು, ಎಲ್ಲ ದೂರ. ಒಂಬತ್ತನೆಯ ಸಂಜೆ ಒಂದು ಹೆಣ್ಣು ಜಿಂಕೆ 17 ಗಜಕ್ಕೆ ಬಂತು. ಅದು ಮರದ ಹಿಂದೆ ಹೋದಾಗ ಕೂತಲ್ಲೇ ಎಳೆದೆ. ಬಿಲ್ಲು ಅಲುಗಲಿಲ್ಲ. ಈಚೆ ಬಂದದ್ದು ನನ್ನ ಕಡೆಗೇ ಮುಖ ಮಾಡಿ ನಿಂತಿತು. ಹಾಗೆ ಹೊಡೆಯಬಾರದು. ಇಪ್ಪತ್ತು ಸೆಕೆಂಡಾದರೂ ಎಳೆದೇ ಹಿಡಿದಿದ್ದೆ. ಅದು ಪಕ್ಕಕ್ಕೆ ತಿರುಗಿತು, ಬಾಣ ಬಿಟ್ಟೆ. ಅರ್ಧ ಗಂಟೆ ಕಾದು ರಕ್ತದ ಜಾಡು ಹಿಡಿದು ಹೋದೆ. 60 ಗಜದಲ್ಲೇ ಬಿದ್ದಿತ್ತು. ಅದರ ಮೈ ಇನ್ನೂ ಬೆಚ್ಚಗಿತ್ತು. ತುಂಬಾ ಹೊತ್ತು ಸುಮ್ನೆ ಪಕ್ಕದಲ್ಲಿ ಕೂತಿದ್ದೆ.

2015ರಲ್ಲಿ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಕಾಡುಜಿಂಕೆಯಲ್ಲೇ ಮಿದುಳನ್ನು ಹಾಳು ಮಾಡುವ ಕ್ರಾನಿಕ್ ವೇಸ್ಟಿಂಗ್ ರೋಗ ಕಂಡಿತ್ತು. ಅದಕ್ಕೇ ತಲೆಯನ್ನು ಪರೀಕ್ಷೆಗೆ ಕೊಟ್ಟು, ರೋಗವಿಲ್ಲ ಅಂತ ಗೊತ್ತಾಗುವವರೆಗೆ ಮಾಂಸ ಮುಟ್ಟಲಿಲ್ಲ. ಆಮೇಲೆ ಅಮ್ಮ ಫೋನಿನಲ್ಲಿ ಹೇಳಿದ ಹಾಗೆ ಮೆಣಸು ಜಾಸ್ತಿ ಹಾಕಿ ಸಾರು ಮಾಡಿ, ಅಕ್ಕಿ ರೊಟ್ಟಿ ತಟ್ಟಿದೆ. ಬಿಲ್ಲು ಕೊಡಿಸಲು ಜೊತೆಗೆ ಬಂದಿದ್ದ ಸಹೋದ್ಯೋಗಿಗೆ ಒಂದು ಡಬ್ಬಿ ಕೊಟ್ಟು ಬಂದೆ.

ಈಗ ಹೆದೆಗೆ ವಾರಕ್ಕೊಮ್ಮೆ ಮೇಣ ಸವರುತ್ತೇನೆ. ಮುಂದಿನ ವರ್ಷ ಅದನ್ನು ಬದಲಾಯಿಸಬೇಕು, 120 ಡಾಲರ್ ಈಗಲೇ ಬೇರೆ ಎತ್ತಿಟ್ಟಿದ್ದೇನೆ.