ಸೈಕಲ್ಲಿಗೆ ಚಾರ್ಜಿಂಗ್ ಹಿಂಬದಿ ಲೈಟು: ಏನೇನು ನೋಡಬೇಕು

ಅಂಗಡಿಗೆ ಹೋಗುವ ಮೊದಲು ಸೈಕಲ್ಲಿನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಸೀಟ್ ಪೋಸ್ಟ್, ಅಂದರೆ ಸೀಟು ಹೊತ್ತ ಕಂಬಿ, ಕಾಣುತ್ತದೆಯೇ? ಕ್ಯಾರಿಯರ್ ಮೇಲೆ ಬ್ಯಾಗ್ ಇಟ್ಟರೆ, ರೇನ್‌ಕೋಟು ಇಳಿಬಿದ್ದರೆ, ಅಲ್ಲಿ ಕಟ್ಟಿದ ಲೈಟು ಲೆಕ್ಕಕ್ಕಿಲ್ಲ. ಕ್ಯಾರಿಯರ್ ಇದ್ದರೆ ಅದರ ಹಿಂತುದಿಗೆ ಬೋಲ್ಟ್ ಹಾಕುವ ಲೈಟೇ ಸರಿ. ತೂತುಗಳ ನಡುವಿನ ಅಂತರ ಸಾಮಾನ್ಯವಾಗಿ 50 ಇಲ್ಲವೇ 80 ಮಿ.ಮೀ. ಇರುತ್ತದೆ, ಅಳೆದುಕೊಂಡೇ ಹೋಗಿ.

ಸೀಟ್ ಪೋಸ್ಟ್ ಹಿಂದಕ್ಕೆ ವಾಲಿರುವುದರಿಂದ ನೇರವಾಗಿ ಕಟ್ಟಿದ ಲೈಟು ರಸ್ತೆಗೆ ಮುಖ ಮಾಡುತ್ತದೆ. ಬ್ರಾಕೆಟ್ಟಿನಲ್ಲಿ ಆ ಓರೆ ಸರಿಪಡಿಸುವ ಏರ್ಪಾಡು ಇರಬೇಕು. ಪಕ್ಕದಿಂದಲೂ ಬೆಳಕು ಕಾಣುವ ಗಾಜು ಇದ್ದರೆ ಅಡ್ಡರಸ್ತೆಯಿಂದ ಬರುವವರಿಗೂ ಗೊತ್ತಾಗುತ್ತದೆ.

ಬೆಳಕಿನ ಅಳತೆಯಾದ ಲುಮೆನ್ ಹಿಂದೆ ಬೀಳಬೇಡಿ. ರಾತ್ರಿಗೆ 20ರಿಂದ 50 ಸಾಕು. 100ಕ್ಕೂ ಮೇಲಿನದು ಬೇಕಾಗುವುದು ಹಗಲಿಗೆ. ರಾತ್ರಿಯೂ ಅದನ್ನೇ ಹಾಕಿದರೆ ಹಿಂದೆ ಬರುವವರ ಕಣ್ಣು ಕುಕ್ಕುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ಗಂಟೆಗಳ ಲೆಕ್ಕ ಹೆಚ್ಚಾಗಿ ಮಿನುಗುವ ಮೋಡಿನದು. ನೀವು ನೋಡಬೇಕಾದದ್ದು ಒಂದೇ ಸಮ ಉರಿಯುವ ಮೋಡಿನ ಅವಧಿ: ನಿಮ್ಮ ಅತಿ ಉದ್ದದ ಸವಾರಿಯ ಎರಡರಷ್ಟಿರಲಿ, ಬ್ಯಾಟರಿ ಹಳತಾದಂತೆ ಅದು ಇಳಿಯುತ್ತದೆ. ಮಿನುಗುವ ಲೈಟಿನ ದೂರ ಅಂದಾಜಿಸುವುದು ಕಷ್ಟ. ಜರ್ಮನಿಯಲ್ಲಂತೂ ಹಿಂದಿನ ಲೈಟು ಮಿನುಗುವಂತೆಯೇ ಇಲ್ಲ. ಬ್ರೇಕ್ ಹಿಡಿದಾಗ ತಾನಾಗಿ ಪ್ರಖರವಾಗುವ ಸೆನ್ಸರ್‌ಗೆ ಹೆಚ್ಚು ದುಡ್ಡು ಕೊಡಬೇಡಿ, ನಮ್ಮ ಗುಂಡಿ-ಹಂಪುಗಳಲ್ಲಿ ಅದು ಸುಮ್ಮಸುಮ್ಮನೆ ಹೊತ್ತಿಕೊಳ್ಳಬಹುದು.

ನೀರು ತಡೆಯುವ ಮಟ್ಟ ಹೇಳುವ ಐಪಿಎಕ್ಸ್ ಅಂಕಿ ನೋಡಿ: ಮಳೆಗೆ ಐಪಿಎಕ್ಸ್4 ಕನಿಷ್ಠ. ಮಡ್‌ಗಾರ್ಡ್ ಇಲ್ಲದಿದ್ದರೆ ಚಕ್ರ ಎರಚುವ ಕೆಸರುನೀರಿಗೆ ಐಪಿಎಕ್ಸ್6 ಬೇಕು. ಆದರೂ ನೀರು ನುಗ್ಗುವುದು ಹೆಚ್ಚಾಗಿ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳದಿಂದಲೇ. ಅಂಗಡಿಯಲ್ಲೇ ತೆಗೆದು ಹಾಕಿ ನೋಡಿ, ಸಡಿಲವಿದ್ದರೆ ಬೇರೆಯದು ಕೇಳಿ. ತೂತು ಕೆಳಮುಖವಾಗಿ ಬರುವ ವಿನ್ಯಾಸ ಉತ್ತಮ.

ಟೈಪ್-ಸಿ ಇದ್ದರೂ ಒಂದು ಪರೀಕ್ಷೆ ಬಾಕಿ. ಅಗ್ಗದ ಕೆಲವು ಲೈಟುಗಳಲ್ಲಿ, ಕರೆಂಟು ಕೊಡು ಎಂದು ಚಾರ್ಜರ್‌ಗೆ ಸೂಚಿಸುವ ಎರಡು ಪುಟ್ಟ ರೆಸಿಸ್ಟರ್ ಹಾಕದೆ ಬಿಟ್ಟಿರುತ್ತಾರೆ. ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಆ ಲೈಟುಗಳು ಚಾರ್ಜ್ ಆಗುವುದಿಲ್ಲ, ಚಾರ್ಜರ್ ಕಡೆ ಹಳೆಯ ಅಗಲ ಪಿನ್ನಿರುವ ಕೇಬಲ್ಲೇ ಬೇಕು. ಲೈಟು ಕೆಟ್ಟಿದೆಯೆಂದು ಎಸೆಯುವ ಮೊದಲು ಕೇಬಲ್ ಬದಲಿಸಿ.

ರಬ್ಬರ್ ಪಟ್ಟಿ ಬಿಸಿಲಿಗೆ ಬಿರುಕು ಬಿಡುತ್ತದೆ, ಬಿಡಿಯಾಗಿ ಸಿಗುತ್ತದೆಯೇ ಕೇಳಿಕೊಳ್ಳಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ಅರ್ಧ ತುಂಬಿಸಿ ಇಡಿ, ಪೂರ್ತಿ ಖಾಲಿ ಬಿಟ್ಟರೆ ಮತ್ತೆ ಏಳದಿರಬಹುದು. ನೆನೆದ ಲೈಟನ್ನು ಒಣಗಿಸದೆ ಚಾರ್ಜಿಗೆ ಹಾಕಬೇಡಿ, ಪಿನ್ನು ತುಕ್ಕು ಹಿಡಿಯುತ್ತದೆ.