ನೆಲ ಒಣಗಿದ್ದರೂ ನೀರು ಸೋರುತ್ತಿತ್ತು: ಸೆನ್ಸರ್ ಹಾಕಿ ಹಿಡಿದ ನನ್ನ ಅನುಭವ

ನೀರು ಸೋರಿಕೆ ಹಿಡಿಯುವ ಸೆನ್ಸರ್ ಅಂದ ಕೂಡಲೇ ನೆನಪಾಗುವುದು ನೆಲದ ಮೇಲೆ ಇಡುವ ಆ ಚಿಕ್ಕ ಬಿಳಿ ಡಬ್ಬಿ. ನೀರು ತಾಗಿದರೆ ಕಿರುಚುತ್ತದೆ, ಫೋನಿಗೆ ಮೆಸೇಜು ಕಳಿಸುತ್ತದೆ. ನಾನೂ ಅದರಿಂದಲೇ ಶುರು ಮಾಡಿದ್ದು. ಅದು ಬೇಕು, ಎರಡು ಮಾತಿಲ್ಲ. ಆದರೆ ನಮ್ಮ ಮನೆಯಲ್ಲಿ ನಿಜವಾಗಿ ನೀರು ಹೋಗುತ್ತಿದ್ದ ಜಾಗವನ್ನು ಆ ಡಬ್ಬಿ ಯಾವತ್ತೂ ಹಿಡಿಯುತ್ತಿರಲಿಲ್ಲ, ಯಾಕಂದ್ರೆ ಅಲ್ಲಿ ಒಂದು ಹನಿಯೂ ನೆಲಕ್ಕೆ ಬೀಳುತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಎಲ್ಲರೂ ಮಲಗಿರುವಾಗಿನ ಟ್ಯಾಂಕಿನ ಮಟ್ಟ. ಎರಡನ್ನೂ ಹೇಗೆ ಮಾಡಿದೆ ಅಂತ ಬರೆಯುತ್ತೇನೆ. ಟ್ಯಾಂಕಿನ ಭಾಗ ಸ್ವಲ್ಪ ಉದ್ದ ಆಗುತ್ತದೆ, ಅಲ್ಲೇ ವಿಷಯ ಇರುವುದು.

ಮೊದಲು ಡಬ್ಬಿ. ಒಳಗಿನ ಕತೆ ಸರಳ. ತಳದಲ್ಲಿ ಎರಡು ಲೋಹದ ತುದಿಗಳಿರುತ್ತವೆ, ಅವುಗಳ ಮಧ್ಯೆ ನೀರು ಬಂದರೆ ಸಣ್ಣ ಕರೆಂಟು ಹರಿಯುತ್ತದೆ, ಸೆನ್ಸರ್ ಕೂಗುತ್ತದೆ. ಅಷ್ಟೇ. ನಲ್ಲಿ ನೀರಿನಲ್ಲಿ ಲವಣ ಇರುವುದರಿಂದ ಕರೆಂಟು ಸಲೀಸಾಗಿ ಹರಿಯುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಹಾಗಲ್ಲ. ಅದು ಗಾಳಿಯಲ್ಲಿದ್ದ ಆವಿ ತಣಿದು ನೀರಾದದ್ದು, ಲವಣ ಇಲ್ಲವೆನ್ನುವಷ್ಟು ಕಡಿಮೆ. ಆರ್‌ಒ ಫಿಲ್ಟರಿನಿಂದ ಬರುವ ನೀರಿನಲ್ಲೂ ಲವಣ ಕಡಿಮೆಯೇ. ಹಾಗಾಗಿ ಎಸಿ ಕೆಳಗೋ ಫಿಲ್ಟರ್ ಕೆಳಗೋ ಸೆನ್ಸರ್ ಇಡುವವರು ನಲ್ಲಿ ನೀರು ಹಾಕಿ, ಕೂಗಿತು ಅಂತ ಎದ್ದು ಹೋಗಬೇಡಿ. ಅದೇ ಜಾಗದ ನೀರನ್ನು ಒಂದು ಚಮಚ ತಂದು ಹಾಕಿ ನೋಡಿ.

ಎಲ್ಲಿಡಬೇಕು ಅನ್ನುವುದನ್ನು ಊಹೆಗೆ ಬಿಡಬಾರದು. ಸಿಂಕ್ ಕೆಳಗಿನ ಕಪಾಟಿನಲ್ಲಿ ನಾನು ಒಂದು ಲೋಟ ನೀರು ಚೆಲ್ಲಿ ನೋಡಿದೆ. ಜಾಯಿಂಟ್ ಇದ್ದದ್ದು ಬಲಗಡೆ. ನೀರು ಹೋಗಿ ನಿಂತದ್ದು ಎಡಗಡೆಯ ಹಿಂದಿನ ಮೂಲೆಯಲ್ಲಿ. ಕಣ್ಣಿಗೆ ಸಮತಟ್ಟಾಗಿ ಕಾಣುವ ಹಲಗೆಗೂ ಒಂದು ಇಳಿಜಾರು ಇದ್ದೇ ಇರುತ್ತದೆ. ಜಾಯಿಂಟ್ ಕೆಳಗೆ ಸೆನ್ಸರ್ ಇಟ್ಟಿದ್ದರೆ ಮೂಲೆಯಲ್ಲಿ ಹಲಗೆ ಊದಿಕೊಳ್ಳುವವರೆಗೂ ಅದು ತೆಪ್ಪಗೆ ಕೂತಿರುತ್ತಿತ್ತು. ವಾಷಿಂಗ್ ಮೆಷಿನ್ ಹಿಂದೆ ಡಬ್ಬಿಗಿಂತ ಉದ್ದನೆಯ ಕೇಬಲ್ ತರಹದ ಸೆನ್ಸರ್ ಒಳ್ಳೆಯದು, ಕೇಬಲ್ಲಿನ ಉದ್ದಕ್ಕೆ ಎಲ್ಲಿ ನೀರು ತಾಗಿದರೂ ಗೊತ್ತಾಗುತ್ತದೆ. ಬಾತ್‌ರೂಮಿನ ನೆಲಕ್ಕೆ ಮಾತ್ರ ಯಾವುದನ್ನೂ ಇಡಬೇಡಿ. ದಿನಾ ಒದ್ದೆಯಾಗುವ ನೆಲದಲ್ಲಿ ದಿನಾ ಕೂಗುತ್ತದೆ, ಕೊನೆಗೆ ಮನೆಯವರೇ ಅದರ ಬ್ಯಾಟರಿ ಕಿತ್ತಿಡುತ್ತಾರೆ.

ಸೆನ್ಸರ್ ಕೂಗಿದ ಮೇಲೆ ಮೂಲ ಹುಡುಕುವುದಕ್ಕೆ ಟಿಶ್ಯೂ ಪೇಪರ್ ಸಾಕು. ನೀರು ಮೇಲಿನ ಜಾಯಿಂಟಿನಲ್ಲಿ ಹೊರಟು ಪೈಪಿಗೇ ಅಂಟಿಕೊಂಡು ಇಳಿದು ಕೆಳಗಿನ ನಟ್ಟಿನಿಂದ ಹನಿಯುತ್ತದೆ, ನಾವು ಕೆಳಗಿನ ನಟ್ಟನ್ನು ಬಿಗಿ ಮಾಡುತ್ತಾ ಕೂರುತ್ತೇವೆ. ಎಲ್ಲ ಒರೆಸಿ ಒಣಗಿಸಿ, ಆಮೇಲೆ ಒಣ ಟಿಶ್ಯೂವನ್ನು ಮೇಲಿಂದ ಕೆಳಕ್ಕೆ ಒಂದೊಂದೇ ಜಾಯಿಂಟಿಗೆ ಒತ್ತುತ್ತಾ ಬನ್ನಿ. ಮೊದಲು ಎಲ್ಲಿ ಒದ್ದೆಯಾಯಿತೋ ಅಲ್ಲೇ ತೊಂದರೆ. ಇನ್ನು ಗೀಸರಿನ ಸೇಫ್ಟಿ ವಾಲ್ವ್ ನೀರು ಕಾಯುವಾಗ ನಾಲ್ಕು ಹನಿ ಬಿಟ್ಟರೆ ಗಾಬರಿ ಬೇಡ, ಬಿಸಿಯಾದ ನೀರು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಗೀಸರ್ ಆರಿಸಿ ಎಷ್ಟೋ ಹೊತ್ತಾದರೂ ಹನಿಯುತ್ತಲೇ ಇದ್ದರೆ ಮಾತ್ರ ಪ್ಲಂಬರಿಗೆ ಹೇಳಿ.

ವೈಫೈ ಸೆನ್ಸರೋ ಜಿಗ್‌ಬೀ ಸೆನ್ಸರೋ ಅಂತ ಕೇಳಿದರೆ ನಾನು ಜಿಗ್‌ಬೀ ಅನ್ನುತ್ತೇನೆ. ಜಿಗ್‌ಬೀ ಅಂದ್ರೆ ಇಂಥ ಸಣ್ಣ ಸಾಧನಗಳು ತಮ್ಮೊಳಗೆ ಮಾತಾಡುವ ವೈರ್‌ಲೆಸ್ ವ್ಯವಸ್ಥೆ. ಬ್ಯಾಟರಿ ಜಾಸ್ತಿ ದಿನ ಬರುತ್ತದೆ, ಮನೆಯಲ್ಲೇ ಹೋಮ್ ಅಸಿಸ್ಟೆಂಟ್ (ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಸಾಫ್ಟ್‌ವೇರ್) ಇಟ್ಟುಕೊಂಡರೆ ಇಂಟರ್‌ನೆಟ್ ಹೋದರೂ ಸೈರನ್ ಕೂಗುತ್ತದೆ. ಎರಡು ವಿಷಯ ನೆನಪಿಡಿ. ಬ್ಯಾಟರಿಯ ಜಿಗ್‌ಬೀ ಸಾಧನ ಇನ್ನೊಂದರ ಸಂದೇಶವನ್ನು ಮುಂದಕ್ಕೆ ದಾಟಿಸುವುದಿಲ್ಲ, ಕರೆಂಟಿಗೆ ಹಾಕಿದ ಸಾಧನಗಳೇ ಆ ಕೆಲಸ ಮಾಡುವುದು. ದೂರದ ಮೂಲೆಯ ಸೆನ್ಸರ್ ಪದೇ ಪದೇ ಕಳೆದುಹೋಗುತ್ತಿದ್ದರೆ ಮಧ್ಯೆ ಎಲ್ಲಾದರೂ ಒಂದು ಜಿಗ್‌ಬೀ ಸ್ಮಾರ್ಟ್ ಪ್ಲಗ್ ಹಾಕಿ. ಇನ್ನೊಂದು, ಜಿಗ್‌ಬೀ ಡಾಂಗಲನ್ನು, ಅಂದ್ರೆ ಸೆನ್ಸರುಗಳ ಸಂದೇಶ ಹಿಡಿಯುವ ಕಡ್ಡಿಯನ್ನು, ಕಂಪ್ಯೂಟರಿನ ಯುಎಸ್‌ಬಿ 3.0 ಪೋರ್ಟಿಗೆ ನೇರವಾಗಿ ಚುಚ್ಚಬೇಡಿ. ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಬರುತ್ತದೆ, ಜಿಗ್‌ಬೀ ಮಾತಾಡುವುದೂ ಅಲ್ಲೇ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟರೆ ಅರ್ಧ ತಲೆನೋವು ಹೋಗುತ್ತದೆ.

ಮುಖ್ಯವಾಗಿ, ಬ್ಯಾಟರಿ ಸತ್ತ ಸೆನ್ಸರೂ ಒಣ ನೆಲದ ಸೆನ್ಸರೂ ಫೋನಿನ ಪರದೆಯಲ್ಲಿ ಒಂದೇ ತರಹ ಕಾಣಬಹುದು. ಎರಡೂ ಸುಮ್ಮನಿರುತ್ತವೆ, ಅಲ್ವಾ? ಅದಕ್ಕೆ 24 ಗಂಟೆ ಯಾವ ಸೆನ್ಸರಿನಿಂದ ಸುದ್ದಿ ಇಲ್ಲವೋ ಅದರ ಹೆಸರು ಹೇಳುವ ಒಂದು ಆಟೊಮೇಷನ್ (ತಾನಾಗಿ ನಡೆಯುವ ನಿಯಮ) ಮಾಡಿಟ್ಟೆ. ತಿಂಗಳಿಗೊಮ್ಮೆ ಒದ್ದೆ ಬೆರಳನ್ನು ಆ ಎರಡು ತುದಿಗಳಿಗೆ ಒತ್ತಿ, ಮೆಸೇಜು ಫೋನಿನವರೆಗೂ ಬರುತ್ತದಾ ಅಂತ ನೋಡುತ್ತೇನೆ.

ಇಷ್ಟೆಲ್ಲ ಆದ ಮೇಲೂ ಟ್ಯಾಂಕ್ ಬೇಗ ಖಾಲಿಯಾಗುವುದು ನಿಲ್ಲಲಿಲ್ಲ. ಎಲ್ಲ ಸೆನ್ಸರೂ ಒಣ. ನೆಲವೂ ಒಣ. ನೀರು ನೆಲಕ್ಕೆ ಬಾರದೆ ನೇರ ಡ್ರೈನಿಗೋ ಗೋಡೆಯೊಳಕ್ಕೋ ಹೋಗುತ್ತಿದ್ದರೆ ನೆಲದ ಸೆನ್ಸರ್ ಏನು ಮಾಡೀತು?

ಆಗ ಮೇಲಿನ ಟ್ಯಾಂಕಿಗೆ ಮಟ್ಟ ಅಳೆಯುವ ಸೆನ್ಸರ್ ಹಾಕಿದೆ. ಹರಿವು ಅಳೆಯುವ ಮೀಟರನ್ನು ಪೈಪಿನ ಮಧ್ಯೆ ಹಾಕಬಹುದಿತ್ತು. ಆದರೆ ಸುಲಭವಾಗಿ ಸಿಗುವ ಚಕ್ರ ತಿರುಗುವ ಫ್ಲೋ ಸೆನ್ಸರುಗಳು ನಿಮಿಷಕ್ಕೆ 1 ಲೀಟರಿಗಿಂತ ಕಡಿಮೆ ಹರಿವನ್ನು ನೆಟ್ಟಗೆ ಹೇಳುವುದಿಲ್ಲ. ನಿಮಿಷಕ್ಕೆ ಅರ್ಧ ಲೀಟರ್ ಅಂದ್ರೆ ದಿನಕ್ಕೆ 720 ಲೀಟರ್! ಅಷ್ಟು ನೀರು ಹೋಗುತ್ತಿದ್ದರೂ ಚಕ್ರ ಅಲ್ಲಾಡದೆ ಇರಬಹುದು. ಸಣ್ಣ ಸೋರಿಕೆ ಹುಡುಕುವವರಿಗೆ ಇದು ಆಗಿಬರುವುದಿಲ್ಲ. ಪೈಪ್ ಕತ್ತರಿಸುವ ಮನಸ್ಸೂ ನನಗಿರಲಿಲ್ಲ.

ಹಾಗಾಗಿ ಟ್ಯಾಂಕಿನ ಮುಚ್ಚಳಕ್ಕೆ ತೂತು ಕೊರೆದು ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದೆ, ಕಾರಿನ ಹಿಂದೆ ಪಾರ್ಕಿಂಗಿಗೆ ಇರುತ್ತದಲ್ಲ, ಅದೇ ಜಾತಿ. ಕಿವಿಗೆ ಕೇಳದ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುತ್ತದೆ. ಅದರ ಜೊತೆ ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡು, ಅದರೊಳಗೆ ಅಂಕಿಯನ್ನು ಹೋಮ್ ಅಸಿಸ್ಟೆಂಟಿಗೆ ಕಳಿಸುವ ಇಎಸ್‌ಪಿಹೋಮ್ ಸಾಫ್ಟ್‌ವೇರ್. ಸೆನ್ಸರ್ 5 ವೋಲ್ಟಿನಲ್ಲಿ ಓಡುತ್ತಿದ್ದರೆ ಅದರ ಎಕೋ ತಂತಿಯಲ್ಲೂ (ಪ್ರತಿಧ್ವನಿಯ ಸುದ್ದಿಯನ್ನು ಬೋರ್ಡಿಗೆ ಕೊಡುವ ತಂತಿ) 5 ವೋಲ್ಟ್ ಬರುತ್ತದೆ, ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿನವು. ಮಧ್ಯೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ. ಸೆನ್ಸರಿಗೆ ತೀರಾ ಹತ್ತಿರದ್ದು ಕಾಣುವುದಿಲ್ಲ, ಸುಮಾರು 20 ಸೆಂಟಿಮೀಟರಿನೊಳಗೆ ನೀರು ಬಂದರೆ ಬಾಯಿಗೆ ಬಂದ ಅಂಕಿ ಹೇಳುತ್ತದೆ, ಆದ್ದರಿಂದ ತುಂಬಿದ ಟ್ಯಾಂಕಿನ ನೀರಿಗಿಂತ ಅಷ್ಟು ಎತ್ತರದಲ್ಲಿ ಅದು ಇರಬೇಕು. ಗೋಡೆಯಿಂದಲೂ ನೀರು ಬೀಳುವ ಪೈಪಿನಿಂದಲೂ ದೂರ ಇಡಿ. ಆಗಾಗ ಒಂದು ಹುಚ್ಚು ಅಂಕಿ ಬಂದೇ ಬರುತ್ತದೆ. ಅದಕ್ಕೆ ಸರಾಸರಿ ತೆಗೆಯಬೇಡಿ, ಹುಚ್ಚು ಅಂಕಿ ಸರಾಸರಿಯನ್ನೂ ಎಳೆದುಕೊಂಡು ಹೋಗುತ್ತದೆ. ಇಎಸ್‌ಪಿಹೋಮಿನಲ್ಲಿ ಮೀಡಿಯನ್ ಫಿಲ್ಟರ್ ಇದೆ, ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದ್ದನ್ನು ಆರಿಸುತ್ತದೆ, ಅದನ್ನು ಹಾಕಿ.

ಲೆಕ್ಕ ಹೀಗೆ. ನೇರ ಗೋಡೆಯ ದುಂಡು ಟ್ಯಾಂಕಿನ ಅಡ್ಡಗಲ 1.1 ಮೀಟರ್ ಇದ್ದರೆ 1 ಸೆಂಟಿಮೀಟರ್ ನೀರು ಅಂದ್ರೆ ಸುಮಾರು 9.5 ಲೀಟರ್. ಒಂದು ಹನಿ ನಲ್ಲಿಯನ್ನು ಇದರಿಂದ ಹಿಡಿಯಲಾಗದು, ಅದು ಮೊದಲೇ ತಿಳಿದಿರಲಿ. ಸೆಕೆಂಡಿಗೆ ಒಂದು ಹನಿ, ನಾಲ್ಕು ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ ದಿನಕ್ಕೆ 21.6 ಲೀಟರ್ ಆಯಿತು, ರಾತ್ರಿಯ ಎರಡು ಗಂಟೆಗೆ ಎರಡು ಲೀಟರೂ ಇಲ್ಲ. ಗ್ರಾಫಿನಲ್ಲಿ ಅದು ಕಾಣುವುದೇ ಇಲ್ಲ. ಆದರೆ ಹನಿಯುವ ನಲ್ಲಿ ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ನನಗೆ ಬೇಕಿದ್ದದ್ದು ಅದಕ್ಕಿಂತ ದೊಡ್ಡದು.

ಮೊದಲ ಕೆಲವು ರಾತ್ರಿಗಳ ಗ್ರಾಫ್ ನೋಡಿ ಸೋರಿಕೆ ಸಿಕ್ಕೇಬಿಟ್ಟಿತು ಅನ್ನಿಸಿತು. ಸಂಜೆಯಿಂದ ಬೆಳಗಿನವರೆಗೆ ಗೆರೆ ಮೆಲ್ಲಗೆ ಇಳಿಯುತ್ತಲೇ ಹೋಗುತ್ತಿತ್ತು. ತಮಾಷೆ ಅಂದ್ರೆ ಬಿಸಿಲೇರಿದ ಮೇಲೆ ಅದೇ ಗೆರೆ, ಪಂಪ್ ಹಾಕದಿದ್ದರೂ, ಸ್ವಲ್ಪ ಮೇಲೇರುತ್ತಿತ್ತು. ನೀರು ತಾನಾಗಿ ಹುಟ್ಟುವುದಿಲ್ಲವಲ್ಲ! ಇದು ಸೋರಿಕೆಯಲ್ಲ, ಗಾಳಿಯ ಆಟ. ಈ ಸೆನ್ಸರ್ ದೂರ ಅಳೆಯುವುದು ಶಬ್ದ ಹೋಗಿ ಬರುವ ಹೊತ್ತಿನಿಂದ. ಗಾಳಿ 30 ಡಿಗ್ರಿ ಇದ್ದಾಗ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್, 20 ಡಿಗ್ರಿಯಲ್ಲಿ ಸುಮಾರು 343. ರಾತ್ರಿ ಟ್ಯಾಂಕಿನೊಳಗಿನ ಗಾಳಿ ತಣಿದರೆ ಶಬ್ದ ನಿಧಾನವಾಗುತ್ತದೆ, ವಾಪಸು ಬರಲು ಜಾಸ್ತಿ ಹೊತ್ತು ಹಿಡಿಯುತ್ತದೆ, ನೀರು ಕೆಳಗಿಳಿದಿದೆ ಅಂತ ಸೆನ್ಸರ್ ತಿಳಿಯುತ್ತದೆ. ಸೆನ್ಸರಿಗೂ ನೀರಿಗೂ ಮಧ್ಯೆ 1 ಮೀಟರ್ ಅಂತರ ಇದ್ದು ಗಾಳಿ 10 ಡಿಗ್ರಿ ತಣಿದರೆ ಸುಮಾರು 1.8 ಸೆಂಟಿಮೀಟರ್ ವ್ಯತ್ಯಾಸ. ನಮ್ಮ ಲೆಕ್ಕದಲ್ಲಿ 17 ಲೀಟರ್ ನೀರು ಮಾಯ, ಒಂದು ಹನಿಯೂ ಹೊರಗೆ ಹೋಗದೆ!

ಪರಿಹಾರ ಕಷ್ಟವಿಲ್ಲ. ಮುಚ್ಚಳದ ಒಳಗಡೆ ಒಂದು ಡಿಎಸ್18ಬಿ20 ಉಷ್ಣತೆಯ ಸೆನ್ಸರ್ ಇಳಿಬಿಟ್ಟೆ. ಶಬ್ದದ ವೇಗಕ್ಕೆ 331.3 ಕೂಡಿಸು 0.606 ಗುಣಿಸು ಉಷ್ಣತೆ ಅನ್ನುವ ಸೂತ್ರ ಹಾಕಿ, ಅದರಿಂದ ದೂರ ಲೆಕ್ಕ ಮಾಡಿಸಿದೆ. ಹಗಲಿನ ಏರಿಕೆ ಹೆಚ್ಚುಕಡಿಮೆ ಹೋಯಿತು. ರಾತ್ರಿಯ ಇಳಿತ ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಉಳಿದದ್ದು ನಿಜವಾದ ನೀರು.

ರಾತ್ರಿ 2ರಿಂದ 4ರವರೆಗೆ ಮಾತ್ರ ನೋಡುವುದು ಅಂತ ಇಟ್ಟುಕೊಂಡೆ. ಊರಿಗೆ ನೀರು ಪೂರೈಸುವವರೂ ಸೋರಿಕೆ ಅಂದಾಜಿಗೆ ಇದೇ ಹೊತ್ತಿನ ಹರಿವು ನೋಡುತ್ತಾರೆ, ಜನ ಮಲಗಿರುವಾಗ ಹರಿಯುವ ನೀರಿನಲ್ಲಿ ಸೋರಿಕೆಯ ಪಾಲೇ ದೊಡ್ಡದು ಅಂತ. ಗ್ರಾಫ್ ಓದುವುದೂ ಸುಲಭ. ಯಾರಾದರೂ ಎದ್ದು ಬಾತ್‌ರೂಮಿಗೆ ಹೋದರೆ ಗೆರೆ ಮೆಟ್ಟಿಲಿನಂತೆ ಒಮ್ಮೆ ಇಳಿದು ಮತ್ತೆ ಅಡ್ಡಕ್ಕೆ ಸಾಗುತ್ತದೆ. ಸೋರಿಕೆಯಾದರೆ ಒಂದೇ ಸಮ ಇಳಿಜಾರು. ನಮ್ಮದು ಇಳಿಜಾರು, ಗಂಟೆಗೆ ಸುಮಾರು ಒಂದೂವರೆ ಸೆಂಟಿಮೀಟರ್. ಅಂದ್ರೆ ಗಂಟೆಗೆ 14 ಲೀಟರ್, ದಿನಕ್ಕೆ ಮುನ್ನೂರು ಚಿಲ್ಲರೆ ಲೀಟರ್. ಪಂಪ್ ಓಡುವ ಹೊತ್ತನ್ನು ಈ ಲೆಕ್ಕದಿಂದ ಹೊರಗಿಡಬೇಕು, ಅದಕ್ಕೆ ಪಂಪಿನ ಕರೆಂಟನ್ನೂ ಗಮನಿಸುವ ವ್ಯವಸ್ಥೆ ಇದ್ದರೆ ಒಳ್ಳೆಯದು.

ಎಲ್ಲಿ ಅಂತ ಹುಡುಕಲು ಹೊಸ ಸೆನ್ಸರ್ ಏನೂ ಬೇಕಾಗಲಿಲ್ಲ. ರಾತ್ರಿ ಮಲಗುವ ಮುಂಚೆ ಅಡುಗೆಮನೆ ಲೈನಿನ ವಾಲ್ವ್ ಮುಚ್ಚಿದೆ, ಗೆರೆ ಇಳಿಯಿತು. ಮಾರನೆಯ ರಾತ್ರಿ ಅದನ್ನು ಬಿಟ್ಟು ಬಾತ್‌ರೂಮ್ ಲೈನ್ ಮುಚ್ಚಿದೆ, ಗೆರೆ ಅಡ್ಡಕ್ಕೆ ನಿಂತಿತು. ಎಲ್ಲ ಲೈನ್ ಮುಚ್ಚಿದರೂ ಇಳಿಯುತ್ತಿದ್ದರೆ ಟ್ಯಾಂಕೋ, ಟ್ಯಾಂಕಿನಿಂದ ವಾಲ್ವಿನವರೆಗಿನ ಪೈಪೋ ಅಂತ ಅರ್ಥ.

ಬಾತ್‌ರೂಮಿನಲ್ಲಿ ನನ್ನ ಅನುಮಾನ ಕಮೋಡಿನ ಫ್ಲಶ್ ಟ್ಯಾಂಕಿನ ಮೇಲೇ ಇತ್ತು. ಸ್ವಲ್ಪ ಬಣ್ಣ ಕದಡಿ ಫ್ಲಶ್ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ ಅಂತ ಹೇಳಿದೆ. ಹೋಗಿ ನೋಡಿದರೆ ಕಮೋಡಿನ ಹಿಂಬದಿಯಲ್ಲಿ ಬಣ್ಣದ ಒಂದು ತೆಳು ಗೆರೆ, ಕೆಳಗಿನ ನೀರಿಗೆ ಇಳಿಯುತ್ತಾ ಇತ್ತು. ಸದ್ದಿಲ್ಲ, ಅಲೆಯಿಲ್ಲ, ಬಣ್ಣ ಇಲ್ಲದಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ತಳದ ರಬ್ಬರ್ ವಾಷರ್ ಬಿಚ್ಚಿದಾಗ ಬೆರಳೆಲ್ಲ ಕಪ್ಪಾಯಿತು. ರಬ್ಬರ್ ಹಳತಾಗಿ ಮೆತ್ತಗಾಗಿತ್ತು, ಒಂದು ಕಡೆ ಸುಣ್ಣದಂಥ ಬಿಳಿ ಪದರ ಕಟ್ಟಿ ಅಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ವಾಷರ್ ಬದಲಾಯಿಸಿ, ಅದು ಕೂರುವ ಅಂಚನ್ನು ಉಜ್ಜಿ ತೊಳೆದೆ. ಆ ರಾತ್ರಿಯ ಗೆರೆ ಅಡ್ಡಕ್ಕೇ ಇತ್ತು. ನಿಮ್ಮಲ್ಲಿ ವಾಷರ್ ಸರಿಯಾಗಿದ್ದೂ ನೀರು ಹೋಗುತ್ತಿದ್ದರೆ ಒಳಗಿನ ಓವರ್‌ಫ್ಲೋ ಕೊಳವೆ ನೋಡಿ. ನೀರು ಅದರ ಬಾಯಿಯವರೆಗೆ ತುಂಬುತ್ತಿದ್ದರೆ ಫ್ಲೋಟನ್ನು ಸ್ವಲ್ಪ ಇಳಿಸಿದರೆ ಮುಗಿಯಿತು.

ಈಗ ಹೋಮ್ ಅಸಿಸ್ಟೆಂಟಿನಲ್ಲಿ ಎರಡು ನಿಯಮ ಇವೆ. ನೆಲದ ಸೆನ್ಸರ್ ಒದ್ದೆಯಾದರೆ ಮನೆಯೊಳಗಿನ ಸೈರನ್ ಕೂಗುತ್ತದೆ, ಮುಖ್ಯ ಪೈಪಿನ ಮೋಟಾರ್ ವಾಲ್ವ್ ಮುಚ್ಚುತ್ತದೆ. ಬರೀ ಫೋನ್ ನೋಟಿಫಿಕೇಷನ್ ನಂಬಿಕೊಂಡರೆ ಆಗದು, ರಾತ್ರಿ ಫೋನ್ ಸೈಲೆಂಟಿನಲ್ಲಿರುತ್ತದೆ. ಆ ವಾಲ್ವನ್ನು ತಿಂಗಳಿಗೊಮ್ಮೆ ಮುಚ್ಚಿ ತೆರೆಯುವ ಆಟೊಮೇಷನ್ ಕೂಡ ಇಟ್ಟಿದ್ದೇನೆ, ಅಲ್ಲಾಡಿಸದೆ ಬಿಟ್ಟ ವಾಲ್ವ್ ಬೇಕಾದಾಗ ಹಿಡಿದುಕೊಂಡು ಕೂರುತ್ತದೆ. ಕರೆಂಟ್ ಹೋದಾಗ ನಮ್ಮ ವಾಲ್ವ್ ಇದ್ದಲ್ಲೇ ನಿಲ್ಲುತ್ತದೆ, ಕೈಯಿಂದ ತಿರುಗಿಸುವ ಹಿಡಿಯೂ ಇದೆ. ಹಿಡಿ ಇಲ್ಲದ್ದನ್ನು ನಾನಂತೂ ತೆಗೆದುಕೊಳ್ಳುವುದಿಲ್ಲ.

ರಾತ್ರಿಯ ಲೆಕ್ಕಕ್ಕೆ ಮಾತ್ರ ವಾಲ್ವ್ ಮುಚ್ಚುವ ಅಧಿಕಾರ ಕೊಟ್ಟಿಲ್ಲ. ಎರಡು ಗಂಟೆಯಲ್ಲಿ 2 ಸೆಂಟಿಮೀಟರಿಗಿಂತ ಜಾಸ್ತಿ ಇಳಿದರೆ ಬೆಳಿಗ್ಗೆ ಒಂದು ಮೆಸೇಜು ಬರುತ್ತದೆ, ಅಷ್ಟೇ. ನಡುರಾತ್ರಿ ಪ್ರಯಾಣ ಮುಗಿಸಿ ಬಂದ ನೆಂಟರು ಮೈಗೆ ಸೋಪು ಹಚ್ಚಿಕೊಂಡು ನಿಂತಿರುವಾಗ ನೀರು ನಿಂತರೆ ಅವರಿಗೆ ಅಲ್ಟ್ರಾಸಾನಿಕ್ ಸೆನ್ಸರ್ ವಿಷಯ ವಿವರಿಸಲು ನನ್ನಿಂದಾಗದು.