ಕಾರು ವಿಮೆ: ನವೀಕರಣದ ದರವನ್ನು ಹೊಸ ದರದ ಜೊತೆ ಹೋಲಿಸುವುದು ಹೇಗೆ?

ಕಳೆದ ವರ್ಷ ನಮ್ಮ ಮನೆಯ ಕಾರಿನ ವಿಮೆ ಮುಗಿಯಲು ಮೂರು ವಾರ ಇರುವಾಗ ಕಂಪನಿಯಿಂದ ನವೀಕರಣದ ಸಂದೇಶ ಬಂತು: 13,028 ರೂಪಾಯಿ. ಕೆಳಗೇ ಹಣ ಕಟ್ಟುವ ಕೊಂಡಿ. ಅದನ್ನು ಒತ್ತುವ ಮೊದಲು ಅದೇ ಕಂಪನಿಯ ಜಾಲತಾಣದಲ್ಲಿ ಹೊಸ ಗ್ರಾಹಕರಂತೆ ಕಾರಿನ ನಂಬರ್ ಕೊಟ್ಟು ನೋಡಿದೆ. ಬಂದ ದರ 7,329 ರೂಪಾಯಿ. ಅದೇ ಕಾರು, ಅದೇ ಕಂಪನಿ, 5,699 ರೂಪಾಯಿ ವ್ಯತ್ಯಾಸ! ಮೂರು ವರ್ಷ ಒಂದೂ ಕ್ಲೇಮ್ ಮಾಡದೆ ಕಂತು ಕಟ್ಟಿದವರಿಗೆ ಹೆಚ್ಚು, ಇವತ್ತು ಬಾಗಿಲು ತಟ್ಟಿದವರಿಗೆ ಕಡಿಮೆ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಒಂದು ಸಂಜೆ ಕುಳಿತು ಎರಡನ್ನೂ ಸಾಲು ಸಾಲಾಗಿ ಬಿಡಿಸಿದೆ. ಆ 5,699ರಲ್ಲಿ ನಿಜವಾದ ವ್ಯತ್ಯಾಸ 1,622 ರೂಪಾಯಿ. ಉಳಿದದ್ದೆಲ್ಲ ರಕ್ಷಣೆಯನ್ನು ಕತ್ತರಿಸಿ ತೋರಿಸಿದ ಅಗ್ಗ. 1,622 ರೂಪಾಯಿಯೂ ಬಿಟ್ಟುಕೊಡುವ ಮೊತ್ತವಲ್ಲ. ಆದರೆ ಮೊದಲು ಇವೆರಡನ್ನೂ ಬೇರ್ಪಡಿಸಲು ಗೊತ್ತಿರಬೇಕು.

ಮೊದಲು ನೋಟಿಸನ್ನು ಬಿಡಿಸಿಕೊಳ್ಳಿ

ವಿಮೆ ಮುಗಿಯಲು ಒಂದು ತಿಂಗಳಿರುವಾಗಲೇ ಹಳೆಯ ಪಾಲಿಸಿಯ ಪ್ರತಿ ಮತ್ತು ಆರ್‌ಸಿಯನ್ನು ಎದುರಿಗಿಟ್ಟುಕೊಂಡು ಕೂರಿ. ಸಂದೇಶದಲ್ಲಿ ಬರುವುದು ಒಟ್ಟು ಮೊತ್ತ ಮಾತ್ರ. ಪೂರ್ಣ ನೋಟಿಸನ್ನು ಇಮೇಲ್‌ನಲ್ಲಿ ಕಳುಹಿಸಲು ಹೇಳಿ. ಅದರಲ್ಲಿ ಐದು ಭಾಗಗಳಿರುತ್ತವೆ: ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯನ್ನು ಭರಿಸುವ ಥರ್ಡ್ ಪಾರ್ಟಿ ವಿಮೆ, ಸ್ವಂತ ವಾಹನದ ಹಾನಿಗೆ ಸಿಗುವ ವಿಮೆ, ಬೇಕೆಂದರೆ ಹೆಚ್ಚುವರಿ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳಾದ ಆಡ್‌ಆನ್‌ಗಳು, ಮಾಲೀಕ–ಚಾಲಕರ ಅಪಘಾತ ವಿಮೆ ಮತ್ತು ಶೇ 18ರ ಜಿಎಸ್‌ಟಿ.

ನನ್ನ ನೋಟಿಸಿನ ಲೆಕ್ಕ ಹೀಗಿತ್ತು. ಸ್ವಂತ ಹಾನಿಯ ಕಂತು 6,500. ಮೂರು ವರ್ಷ ಕ್ಲೇಮ್ ಮಾಡದ್ದಕ್ಕೆ ಶೇ 35ರ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ ಕಳೆದು 4,225. ಆಡ್‌ಆನ್‌ಗಳಿಗೆ 3,000, ಥರ್ಡ್ ಪಾರ್ಟಿಗೆ 3,416, ಅಪಘಾತ ವಿಮೆಗೆ 400. ಒಟ್ಟು 11,041. ಅದರ ಮೇಲೆ ಜಿಎಸ್‌ಟಿ.

ಇದರಲ್ಲಿ ಥರ್ಡ್ ಪಾರ್ಟಿ ಸಾಲಿನ ಬಗ್ಗೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಆ ದರವನ್ನು ನಿಗದಿ ಮಾಡುವುದು ಸರ್ಕಾರ. ಎಲ್ಲ ಕಂಪನಿಯಲ್ಲೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲ್ಪಟ್ಟದ್ದಕ್ಕೆ 7,897 ರೂಪಾಯಿ. ಕಂತು ಈ ವರ್ಷ ಒಮ್ಮೆಲೇ ಏರಿತೆಂದು ಗಾಬರಿಯಾಗುವವರು ಇನ್ನೊಂದು ವಿಷಯ ಗಮನಿಸಬೇಕು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಮೊದಲ ಎರಡು ನವೀಕರಣಗಳಲ್ಲಿ ಆ ಸಾಲು ಇರುವುದೇ ಇಲ್ಲ, ಮೂರನೆಯದರಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ನೋಟಿಸಿನಲ್ಲಿ ಜಿಎಸ್‌ಟಿ ಸೇರಿ ಸುಮಾರು 4,000 ರೂಪಾಯಿ ಏರಿದ್ದು ಇದರಿಂದಲೇ. ಅದು ಕಂಪನಿಯ ಮೋಸವಲ್ಲ.

ಕಂಪನಿಗಳು ತಮ್ಮ ಇಷ್ಟದಂತೆ ದರ ಇಡುವುದು ಸ್ವಂತ ಹಾನಿಯ ಭಾಗದಲ್ಲಿ ಮತ್ತು ಆಡ್‌ಆನ್‌ಗಳಲ್ಲಿ. ಸ್ವಂತ ಹಾನಿಯ ದರಕ್ಕಿದ್ದ ಸರ್ಕಾರಿ ಕಟ್ಟುಪಾಡು 2007ರ ಜನವರಿಯಲ್ಲಿ ಹೋಯಿತು. ಹೊಸಬರನ್ನು ಸೆಳೆಯಲು ರಿಯಾಯಿತಿ ಕೊಡುವುದೂ, ಹಳಬರಿಗೆ ಅದನ್ನು ಕೊಡದೆ ಸುಮ್ಮನಿರುವುದೂ ಇಲ್ಲೇ. ಬ್ರಿಟನ್‌ನಲ್ಲಿ 2022ರ ಜನವರಿ 1ರಿಂದ ಕಾರು ಮತ್ತು ಮನೆ ವಿಮೆಯ ನವೀಕರಣಕ್ಕೆ ಹೊಸ ಗ್ರಾಹಕರಿಗಿಂತ ಹೆಚ್ಚು ದರ ಕೇಳುವಂತಿಲ್ಲ. ಭಾರತದಲ್ಲಿ ಅಂಥ ನಿಷೇಧವಿಲ್ಲ. ಇಲ್ಲಿ ಕೇಳುವವರಿಗೆ ಮಾತ್ರ ಕಡಿಮೆಯಾಗುತ್ತದೆ.

ಹೊಸ ದರವನ್ನು ಹಳೆಯದಕ್ಕೆ ಸರಿಗಟ್ಟಿಸಿ

ಈಗ ಜಾಲತಾಣದಲ್ಲಿ ಹೊಸ ದರ ತೆಗೆಯಿರಿ. ಬಂದ ಮೊದಲ ಅಂಕಿಯನ್ನು ನಂಬಬೇಡಿ. ಅದರ ವಿವರಕ್ಕೆ ಹೋಗಿ.

ಮೊದಲು ನೋಡಬೇಕಾದದ್ದು ಐಡಿವಿ. ಕಾರು ಕಳುವಾದರೆ ಅಥವಾ ದುರಸ್ತಿಗೆ ಆಗದಷ್ಟು ಜಖಂ ಆದರೆ ಸಿಗುವ ಗರಿಷ್ಠ ಮೊತ್ತ ಇದು. ಷೋರೂಂ ಬೆಲೆಯಿಂದ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ: ಎರಡರಿಂದ ಮೂರು ವರ್ಷದ ಕಾರಿಗೆ ಶೇ 30, ಮೂರರಿಂದ ನಾಲ್ಕು ವರ್ಷದ್ದಕ್ಕೆ ಶೇ 40, ನಾಲ್ಕರಿಂದ ಐದರದ್ದಕ್ಕೆ ಶೇ 50. ಏಳು ಲಕ್ಷದ ನಮ್ಮ ಕಾರಿಗೆ ನೋಟಿಸಿನಲ್ಲಿ ಸರಿಯಾಗಿ 4,20,000 ಇತ್ತು. ಹೊಸ ದರದಲ್ಲಿ ಅದು ಸದ್ದಿಲ್ಲದೆ 3,60,000ಕ್ಕೆ ಇಳಿದಿತ್ತು. ಕಾರು ಕಳುವಾಗಿದ್ದರೆ 60,000 ರೂಪಾಯಿ ಕೈಬಿಡುತ್ತಿತ್ತು. ಅಲ್ಲೇ ಇರುವ ಐಡಿವಿ ಬದಲಿಸುವ ಗುಂಡಿ ಒತ್ತಿ ಹಳೆಯ ಮೊತ್ತವನ್ನೇ ತುಂಬಿ.

ಎರಡನೆಯದು ಎನ್‌ಸಿಬಿ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ 20, ನಂತರ 25, 35, 45, ಐದನೇ ವರ್ಷಕ್ಕೆ 50. ಈ ಬೋನಸ್ ಕಾರಿಗಲ್ಲ, ಮಾಲೀಕರಿಗೆ ಸೇರಿದ್ದು. ಕಂಪನಿ ಬದಲಿಸಿದರೂ ನಿಮ್ಮ ಜೊತೆಗೇ ಬರುತ್ತದೆ. ಹಳೆಯ ಕಂಪನಿ ಬಿಟ್ಟರೆ ಬೋನಸ್ ಹೋಗುತ್ತದೆ ಎಂದು ಯಾರಾದರೂ ಫೋನಿನಲ್ಲಿ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆಯೇ ಕಂತು ಇಳಿಯಲೆಂದು ಇಲ್ಲದ ಶೇ 50ನ್ನು ಗುರುತು ಮಾಡಬೇಡಿ. ಹೊಸ ಕಂಪನಿ ಹಳೆಯದನ್ನು ವಿಚಾರಿಸುತ್ತದೆ, ಸುಳ್ಳು ಹೊರಬಿದ್ದರೆ ಕ್ಲೇಮ್‌ಗೇ ಕುತ್ತು.

ಮೂರನೆಯದು ಆಡ್‌ಆನ್. ಹೊಸ ದರದಲ್ಲಿ ಸಾಮಾನ್ಯವಾಗಿ ಮಾಯವಾಗುವುದು ಜೀರೊ ಡೆಪ್, ಅಂದರೆ ಬದಲಿಸಿದ ಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದಿರುವ ರಕ್ಷಣೆ. ಇದು ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ. ಮುಂಭಾಗದ ಬಂಪರ್‌ಗೆ 8,000 ಆದರೆ 4,000 ನಿಮ್ಮ ಜೇಬಿನದು. ಪೇಟೆಯ ದಟ್ಟಣೆಯಲ್ಲಿ ಮೊದಲು ಒಡೆಯುವುದೇ ಬಂಪರ್. ನಾಲ್ಕೈದು ವರ್ಷದೊಳಗಿನ ಕಾರಿಗೆ ಇದನ್ನು ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ರಸ್ತೆ ಬದಿ ನೆರವು, ಕೀಲಿ ಕಳೆದರೆ ಪರಿಹಾರ ಇಂಥವು ಬೇಡವೆನಿಸಿದರೆ ಎರಡೂ ಕಡೆಯಿಂದ ತೆಗೆದು ಹೋಲಿಸಿ.

ಸ್ವಯಂ ಕಡಿತ ಎಂಬ ಆಯ್ಕೆ ಸೊನ್ನೆಯಲ್ಲಿದೆಯೇ ನೋಡಿ. ಅಲ್ಲಿ 5,000 ಎಂದಿದ್ದರೆ ಪ್ರತಿ ಕ್ಲೇಮ್‌ನಲ್ಲಿ ಅಷ್ಟನ್ನು, ಕಡ್ಡಾಯ ಕಡಿತದ ಜೊತೆಗೆ, ನೀವೇ ಭರಿಸಬೇಕು. 15 ಲಕ್ಷದ ಅಪಘಾತ ವಿಮೆ ನಿಮ್ಮ ಇನ್ನೊಂದು ವಾಹನದ ಪಾಲಿಸಿಯಲ್ಲಿ ಈಗಾಗಲೇ ಇದ್ದರೆ ಮತ್ತೆ ಕಟ್ಟುವ ಅಗತ್ಯವಿಲ್ಲ.

ಹೀಗೆ ಎಲ್ಲವನ್ನೂ ಸಮ ಮಾಡಿದಾಗ 7,329 ಇದ್ದದ್ದು 11,406ಕ್ಕೆ ಬಂದು ನಿಂತಿತು. ನೋಟಿಸಿಗೂ ಇದಕ್ಕೂ ಉಳಿದ 1,622 ರೂಪಾಯಿಯೇ ನಾನು ಹಳೆಯ ಗ್ರಾಹಕನಾಗಿದ್ದಕ್ಕೆ ಹೆಚ್ಚುವರಿಯಾಗಿ ಕೇಳಿದ ಹಣ.

ಫೋನ್ ಮಾಡಿ ಕೇಳಿ

ಇದೇ ವಿವರಗಳಲ್ಲಿ ಇನ್ನೆರಡು ಕಂಪನಿಗಳ ದರವನ್ನೂ ತೆಗೆದು ಪರದೆಯ ಚಿತ್ರ ಇಟ್ಟುಕೊಳ್ಳಿ. ನಂತರ ನಿಮ್ಮ ಕಂಪನಿಗೆ ಕರೆ ಮಾಡಿ. ‘ತುಂಬಾ ಜಾಸ್ತಿ ಆಯಿತು’ ಎಂದರೆ ಏನೂ ಆಗುವುದಿಲ್ಲ. ‘ಐಡಿವಿ 4,20,000, ಎನ್‌ಸಿಬಿ ಶೇ 35, ಜೀರೊ ಡೆಪ್ ಸೇರಿ ನಿಮ್ಮದೇ ಜಾಲತಾಣದಲ್ಲಿ 11,406 ಇದೆ, ನನಗೇಕೆ 13,028?’ ಎಂದು ಕೇಳಿ. ನನಗೆ ಮೊದಲು ಸಿಕ್ಕ ಉತ್ತರ, ಅದು ನೇರವಾಗಿ ಕೊಳ್ಳುವವರಿಗೆ ಮಾತ್ರ ಎಂಬುದು. ನಮ್ಮ ಪಾಲಿಸಿ ಷೋರೂಂ ಮೂಲಕ ಬಂದದ್ದಾಗಿತ್ತು. ನಾನೂ ಇನ್ನು ಮುಂದೆ ನೇರವಾಗಿಯೇ ಕೊಳ್ಳುತ್ತೇನೆ ಎಂದೆ. ಮರುದಿನ 11,406ರ ಕೊಂಡಿ ಬಂತು.

ಅವರು ಒಪ್ಪದಿದ್ದರೆ ಕಂಪನಿ ಬದಲಿಸಲು ಹಿಂಜರಿಯಬೇಡಿ. ಆದರೆ ಅದಕ್ಕೂ ಮೊದಲು ಹೊಸ ಕಂಪನಿಯ ನಗದುರಹಿತ ಗ್ಯಾರೇಜ್‌ಗಳ, ಅಂದರೆ ದುರಸ್ತಿಯ ಹಣವನ್ನು ಕಂಪನಿಯೇ ನೇರವಾಗಿ ಕೊಡುವ ಗ್ಯಾರೇಜ್‌ಗಳ ಪಟ್ಟಿ ನೋಡಿ. ಬೆಂಗಳೂರಿನಲ್ಲಿ ಇದು ದೊಡ್ಡ ಪ್ರಶ್ನೆಯಲ್ಲ. ಸಾಗರದಲ್ಲೋ ಶಿರಸಿಯಲ್ಲೋ ಇರುವವರು ಐನೂರು ರೂಪಾಯಿ ಉಳಿಸಲು ಹೋಗಿ, ಜಖಂ ಆದ ಕಾರನ್ನು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಎಳೆಸಿಕೊಂಡು ಹೋಗುವಂತಾಗಬಾರದು.

ಈ ಚೌಕಾಸಿ ಎಷ್ಟೇ ಎಳೆದರೂ ಹಳೆಯ ವಿಮೆ ಮುಗಿಯುವ ದಿನ ದಾಟಬಾರದು. ದಾಟಿದರೆ ಸ್ವಂತ ಹಾನಿಯ ವಿಮೆಗೆ ಮೊದಲು ಕಾರಿನ ತಪಾಸಣೆ ಮಾಡಿಸಬೇಕಾಗುತ್ತದೆ. 90 ದಿನ ಕಳೆದರೆ ಎನ್‌ಸಿಬಿ ಪೂರ್ತಿ ಹೋಗುತ್ತದೆ. ಥರ್ಡ್ ಪಾರ್ಟಿ ವಿಮೆಯೂ ಇಲ್ಲದೆ ರಸ್ತೆಗಿಳಿದು ಸಿಕ್ಕಿಬಿದ್ದರೆ ಮೊದಲ ಬಾರಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ.

ಹಣ ಕಟ್ಟಿದ ಮೇಲೆ ಬರುವ ಪಾಲಿಸಿಯನ್ನು ಅಂದೇ ತೆರೆದು ನೋಡಿ. ಎಂಜಿನ್ ಮತ್ತು ಷಾಸಿ ಸಂಖ್ಯೆ ಆರ್‌ಸಿಯಲ್ಲಿ ಇದ್ದಂತೆಯೇ ಇದೆಯೇ, ಎನ್‌ಸಿಬಿ ಪ್ರಮಾಣ ಸರಿಯಿದೆಯೇ, ಹಳೆಯ ವಿಮೆ ಮುಗಿದ ಮರುಗಳಿಗೆಯೇ ಹೊಸದು ಶುರುವಾಗುತ್ತದೆಯೇ ಎಂದು ಬೆರಳಿಟ್ಟು ಓದಿ. ಒಂದು ಅಕ್ಷರ ತಪ್ಪಿದ್ದರೂ ಆಗಲೇ ಇಮೇಲ್ ಬರೆದು ತಿದ್ದುಪಡಿ ಪತ್ರ ತರಿಸಿಕೊಳ್ಳಿ.